ಸಾಲ, ಸುಳ್ಳು ಮತ್ತು ಸೆಕ್ಯುರಿಟಿ ಕ್ಲಿಯರೆನ್ಸ್: ಅಮೆರಿಕದ ನೌಕರರ ಆತಂಕದ ಹಿಂದೆ ಏನಿದೆ?

2025ರ ಅಕ್ಟೋಬರ್ 1ರಂದು ಅಮೆರಿಕದ ಒಕ್ಕೂಟ ಸರ್ಕಾರದ ಖಜಾನೆಗೆ ಬೀಗ ಬಿತ್ತು. ಖರ್ಚಿಗೆ ಒಪ್ಪಿಗೆ ಕೊಡುವ ಮಸೂದೆಯ ವಿಷಯದಲ್ಲಿ ಅಲ್ಲಿನ ಸಂಸತ್ತಿನ ಎರಡು ಪಕ್ಷಗಳೂ ಪಟ್ಟು ಸಡಿಲಿಸಲಿಲ್ಲ. ನವೆಂಬರ್ 12ರವರೆಗೆ, 43 ದಿನಗಳ ಕಾಲ, ಲಕ್ಷಾಂತರ ನೌಕರರ ಸಂಬಳ ನಿಂತಿತು. ಆ ದೇಶದ ಇತಿಹಾಸದಲ್ಲೇ ಅಷ್ಟು ದೀರ್ಘ ಷಟ್‌ಡೌನ್ ಅದಕ್ಕೂ ಮೊದಲು ಆಗಿರಲಿಲ್ಲ.

ಆ ದಿನಗಳಲ್ಲಿ ರಕ್ಷಣೆ ಮತ್ತು ಬೇಹುಗಾರಿಕೆ ಇಲಾಖೆಗಳ ನೌಕರರನ್ನು ಕಾಡಿದ ಆತಂಕವೊಂದು ಹೊರಗಿನವರಿಗೆ ಸುಲಭಕ್ಕೆ ಅರ್ಥವಾಗುವಂಥದ್ದಲ್ಲ. ಸಂಬಳ ಬರದೆ ಮನೆಸಾಲದ ಕಂತು ತಪ್ಪಿದರೆ, ಗೋಪ್ಯ ಮಾಹಿತಿ ನೋಡಲು ಬೇಕಾದ ತಮ್ಮ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ಕುತ್ತು ಬರುತ್ತದೆಯೇ ಎಂಬುದು ಅವರ ಚಿಂತೆ. ಇದು ಹೊಸದೂ ಅಲ್ಲ. 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ ನಡೆದ 35 ದಿನಗಳ ಷಟ್‌ಡೌನ್‌ನಲ್ಲಿ ಎಫ್‌ಬಿಐ ಏಜೆಂಟರ ಸಂಘ ಇದನ್ನೇ ಬಹಿರಂಗವಾಗಿ ಹೇಳಿತ್ತು. ಸಾಲದ ಕಂತು ತಪ್ಪಿದರೆ ಕ್ಲಿಯರೆನ್ಸ್ ನವೀಕರಣ ತಡವಾಗಬಹುದು, ಕೆಲವರು ಕೆಲಸಕ್ಕೇ ಅನರ್ಹರಾಗಬಹುದು ಎಂದು ಅದು ಎಚ್ಚರಿಸಿತ್ತು.

ಕಂತು ತಪ್ಪಿದರೆ ಬ್ಯಾಂಕು ದಂಡ ಹಾಕುತ್ತದೆ, ನೋಟಿಸು ಕಳಿಸುತ್ತದೆ. ಅದು ಸಾಲಗಾರನಿಗೂ ಬ್ಯಾಂಕಿಗೂ ಸೇರಿದ ವ್ಯವಹಾರ. ಅದಕ್ಕೂ ದೇಶದ ಭದ್ರತೆಗೂ ಏನು ಸಂಬಂಧ? ಅದರಲ್ಲೂ ಸಂಬಳ ನಿಲ್ಲಿಸಿದ್ದು ಸರ್ಕಾರವೇ ಆಗಿರುವಾಗ ನೌಕರನ ಸಾಲಕ್ಕೆ ನೌಕರನನ್ನೇ ಹೊಣೆ ಮಾಡುವುದು ಯಾವ ನ್ಯಾಯ? ಇದಕ್ಕೆ ಉತ್ತರ ಬೇಕಾದರೆ ಆ ವ್ಯವಸ್ಥೆ ಸಾಲದಲ್ಲಿ ಏನನ್ನು ಹುಡುಕುತ್ತದೆ ಎಂಬುದನ್ನು ನೋಡಬೇಕು. ಸಾಲಕ್ಕಿಂತ ಹೆಚ್ಚು ಜನರನ್ನು ಎಡವಿಸುವುದು ಸಾಲದ ಬಗ್ಗೆ ಹೇಳಿದ ಸುಳ್ಳು ಏಕೆ ಎಂಬುದೂ ಆಗ ತಿಳಿಯುತ್ತದೆ.

ಹಕ್ಕಲ್ಲದ ಅನುಮತಿ

ಸರ್ಕಾರದ ಗೋಪ್ಯ ಮಾಹಿತಿಯನ್ನು ನೋಡಲು, ಬಳಸಲು ಒಬ್ಬ ವ್ಯಕ್ತಿಗೆ ಸಿಗುವ ಅರ್ಹತೆಯೇ ಸೆಕ್ಯುರಿಟಿ ಕ್ಲಿಯರೆನ್ಸ್. ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಎಂದು ಮೂರು ಹಂತಗಳಿವೆ. ಸುಮಾರು 40 ಲಕ್ಷ ಮಂದಿಗೆ ಈ ಅರ್ಹತೆ ಇದೆ. ಸೈನಿಕರು ಮತ್ತು ಗೂಢಚರ್ಯೆ ಅಧಿಕಾರಿಗಳಷ್ಟೇ ಅಲ್ಲ, ರಕ್ಷಣಾ ಗುತ್ತಿಗೆ ಕಂಪನಿಗಳ ಎಂಜಿನಿಯರುಗಳು, ವೆಲ್ಡರುಗಳು, ಕಂಪ್ಯೂಟರ್ ನಿರ್ವಹಣೆ ಮಾಡುವವರು, ಕಚೇರಿಯ ನೆಲ ಗುಡಿಸುವವರೂ ಇದರಲ್ಲಿ ಸೇರಿದ್ದಾರೆ.

ಕಾನೂನಿನ ದೃಷ್ಟಿಯಲ್ಲಿ ಇದು ಯಾರ ಹಕ್ಕೂ ಅಲ್ಲ. 1988ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 'ನೌಕಾಪಡೆ ವಿರುದ್ಧ ಈಗನ್' ಪ್ರಕರಣದಲ್ಲಿ ಇದನ್ನು ಖಚಿತವಾಗಿ ಹೇಳಿತು. ಈಗನ್ ವಾಷಿಂಗ್ಟನ್ ರಾಜ್ಯದಲ್ಲಿ ಟ್ರೈಡೆಂಟ್ ಜಲಾಂತರ್ಗಾಮಿಗಳ ದುರಸ್ತಿ ನಡೆಯುವ ಕಡೆ ಕೂಲಿ ಕೆಲಸಕ್ಕೆ ಸೇರಿದ್ದವರು. ಹಳೆಯ ಅಪರಾಧ ಪ್ರಕರಣಗಳ ಜೊತೆಗೆ, ಕೆಲಸದ ಅರ್ಜಿಯಲ್ಲಿ ಹಿಂದಿನ ಎರಡು ಶಿಕ್ಷೆಗಳನ್ನು ಹೇಳದೆ ಬಿಟ್ಟದ್ದೂ ಅವರಿಗೆ ಮುಳುವಾಯಿತು. ಕ್ಲಿಯರೆನ್ಸ್ ಸಿಗಲಿಲ್ಲ, ಕೆಲಸ ಹೋಯಿತು. ಕ್ಲಿಯರೆನ್ಸ್ ನಿರಾಕರಿಸಿದ್ದು ಸರಿಯೋ ತಪ್ಪೋ ಎಂದು ನೌಕರರ ಮೇಲ್ಮನವಿ ಮಂಡಳಿ ವಿಮರ್ಶಿಸುವಂತಿಲ್ಲ ಎಂದಿತು ಕೋರ್ಟ್.

ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯದ ಲಾಭ ಆರೋಪಿಗೆ ಸಿಗುತ್ತದೆ. ಇಲ್ಲಿ ಲೆಕ್ಕ ತಿರುಗುಮುರುಗು, ಸಂಶಯ ಉಳಿದರೆ ಅದರ ಲಾಭ ದೇಶದ ಭದ್ರತೆಗೆ. ನಿಮ್ಮ ಸಾಲ ಬಾಕಿ ಇದೆ ಎಂದು ಸರ್ಕಾರ ತೋರಿಸಿದರೆ ಸಾಕು. ಅದರಿಂದ ಅಪಾಯವಿಲ್ಲ ಎಂದು ಮನಗಾಣಿಸುವ ಹೊರೆ ನಿಮ್ಮ ಹೆಗಲಿಗೆ ಬೀಳುತ್ತದೆ.

ಹಣದ ಅಡಚಣೆಯಿಂದ ಶತ್ರುವಿನ ಬಾಗಿಲಿಗೆ

ಈ ಕಠಿಣ ನಿಲುವಿನ ಹಿಂದೆ ಮೂರು ಕಹಿ ಅನುಭವಗಳಿವೆ.

ಜಾನ್ ವಾಕರ್ ಅಮೆರಿಕದ ನೌಕಾಪಡೆಯಲ್ಲಿ ಸಂಕೇತ ಸಂದೇಶಗಳ ಕೆಲಸದಲ್ಲಿದ್ದವನು. ಕೆಲಸದ ಜೊತೆಗೆ ಒಂದು ಬಾರ್ ತೆರೆದು ನಷ್ಟದಲ್ಲಿ ಮುಳುಗಿದ. 1967ರಲ್ಲಿ ವಾಷಿಂಗ್ಟನ್‌ನ ಸೋವಿಯತ್ ರಾಯಭಾರ ಕಚೇರಿಗೆ ತಾನೇ ನಡೆದುಹೋಗಿ ರಹಸ್ಯ ಮಾರುವುದಾಗಿ ಹೇಳಿದ. ಸಿಕ್ಕಿಬಿದ್ದದ್ದು 1985ರಲ್ಲಿ. ಅಷ್ಟು ವರ್ಷವೂ ನೌಕಾಪಡೆಯ ಸಂಕೇತ ಲಿಪಿಗಳು ಮಾಸ್ಕೋ ತಲುಪುತ್ತಿದ್ದವು.

ರೊನಾಲ್ಡ್ ಪೆಲ್ಟನ್ ರಾಷ್ಟ್ರೀಯ ಭದ್ರತಾ ಏಜೆನ್ಸಿಯ ನೌಕರ. 1979ರಲ್ಲಿ ದಿವಾಳಿ ಅರ್ಜಿ ಹಾಕಿದ, ಅದೇ ವರ್ಷ ರಾಜೀನಾಮೆ ಕೊಟ್ಟ. 1980ರ ಜನವರಿಯಲ್ಲಿ ಅವನೂ ಅದೇ ರಾಯಭಾರ ಕಚೇರಿಯ ಬಾಗಿಲು ತಟ್ಟಿದ. ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ, ಎಲ್ಲವನ್ನೂ ನೆನಪಿನಿಂದಲೇ ಹೇಳಿದ. ಸಮುದ್ರದ ತಳದಲ್ಲಿ ಸೋವಿಯತ್ ಕೇಬಲ್‌ಗೆ ಅಮೆರಿಕ ಕದ್ದಾಲಿಕೆ ಯಂತ್ರ ಅಳವಡಿಸಿದ್ದ ಕಾರ್ಯಾಚರಣೆ ಹೀಗೆ ಬಯಲಾಯಿತು. ಅದಕ್ಕೆ ಅವನಿಗೆ ಸಿಕ್ಕ ಹಣ ಸುಮಾರು 35,000 ಡಾಲರ್.

ಮೂರನೆಯವನು ಸಿಐಎಯ ಆಲ್ಡ್ರಿಚ್ ಏಮ್ಸ್. ವಿಚ್ಛೇದನದ ಖರ್ಚು, ಎರಡನೆಯ ಸಂಸಾರದ ದುಂದುಗಾರಿಕೆ ಸೇರಿ ಸಾಲ ಕುತ್ತಿಗೆಗೆ ಬಂದಿತ್ತು. 1985ರ ಏಪ್ರಿಲ್‌ನಲ್ಲಿ ಸೋವಿಯತ್ತರಿಂದ ಮೊದಲು ಪಡೆದದ್ದು 50,000 ಡಾಲರ್. ಆ ಒಂದು ಸಲದ ಹಣದಿಂದ ಸಾಲ ತೀರಿಸಿ ಕೈತೊಳೆದುಕೊಳ್ಳುವ ಲೆಕ್ಕ ಅವನದ್ದು, ಆದರೆ ಒಮ್ಮೆ ಕಾಲಿಟ್ಟ ಮೇಲೆ ಹೊರಬರಲಿಲ್ಲ. ಅಮೆರಿಕಕ್ಕಾಗಿ ಗುಟ್ಟಾಗಿ ಕೆಲಸ ಮಾಡುತ್ತಿದ್ದಾರೆಂದು ಅವನು ಹೆಸರು ಕೊಟ್ಟವರಲ್ಲಿ ಹಲವರನ್ನು ಸೋವಿಯತ್ ಸರ್ಕಾರ ಕೊಂದಿತು. 1989ರಲ್ಲಿ ಸರ್ಕಾರಿ ಸಂಬಳದ ಈ ಮನುಷ್ಯ 5,40,000 ಡಾಲರ್ ನಗದು ಕೊಟ್ಟು ಮನೆ ಕೊಂಡ, ಕಚೇರಿಗೆ ಜಾಗ್ವಾರ್ ಕಾರಿನಲ್ಲಿ ಬಂದ. ಹೆಂಡತಿಯ ತವರಿನ ಆಸ್ತಿ ಎಂಬ ಅವನ ಮಾತನ್ನು ನಂಬಲಾಯಿತು. 1986 ಮತ್ತು 1991ರ ಎರಡೂ ಸುಳ್ಳುಪತ್ತೆ ಪರೀಕ್ಷೆಗಳಲ್ಲಿ ಪಾಸಾದ. ಬಂಧನವಾದದ್ದು 1994ರ ಫೆಬ್ರವರಿಯಲ್ಲಿ.

ಏಮ್ಸ್ ಪ್ರಕರಣ ಬಿಟ್ಟುಹೋದ ಪಾಠ ಎರಡು ಬಗೆಯದು. ಕೈಯಲ್ಲಿ ಹಣವಿಲ್ಲದ್ದು ಎಷ್ಟು ಅಪಾಯವೋ, ಎಲ್ಲಿಂದ ಬಂತೆಂದು ಹೇಳಲಾಗದ ಹಣವೂ ಅಷ್ಟೇ ಅಪಾಯ. 1995ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ 12968ನೇ ಕಾರ್ಯಾದೇಶ, ಸೂಕ್ಷ್ಮ ಹುದ್ದೆಯಲ್ಲಿರುವವರ ಹಣಕಾಸನ್ನು ಸರ್ಕಾರ ನೋಡುವುದಕ್ಕೆ ದಾರಿ ಮಾಡಿತು. ಇಂದಿನ ಬಿಗಿ ಪರಿಶೀಲನೆಯ ಬುನಾದಿ ಅದೇ.

ನಿಯಮದಲ್ಲಿ ಬರೆದಿರುವುದು

ಈಗ ಜಾರಿಯಲ್ಲಿರುವುದು 2017ರ ಜೂನ್ 8ರಿಂದ ಬಂದ ನಿರ್ದೇಶನ. ಅದರಲ್ಲಿ 'ಎ'ಯಿಂದ 'ಎಂ'ವರೆಗೆ 13 ಮಾರ್ಗಸೂಚಿಗಳಿವೆ. ವಿದೇಶಿ ಪ್ರಭಾವ, ಕುಡಿತ, ಮಾದಕ ವಸ್ತು, ಅಪರಾಧ ಹೀಗೆ ಒಂದೊಂದಕ್ಕೂ ಒಂದೊಂದು. ನಮ್ಮ ವಿಷಯಕ್ಕೆ ಸೇರಿದವು ಎರಡು: ಹಣಕಾಸಿನ 'ಎಫ್' ಮತ್ತು ವೈಯಕ್ತಿಕ ನಡತೆಯ 'ಇ'.

'ಎಫ್' ಮಾರ್ಗಸೂಚಿ ಸಾಲದ ಮೊತ್ತಕ್ಕೆ ಇಷ್ಟೇ ಎಂಬ ಮಿತಿ ಹಾಕಿಲ್ಲ. ಮನೆಸಾಲ, ಕಾರಿನ ಸಾಲ, ಓದಿನ ಸಾಲ ಇಲ್ಲದ ಅಮೆರಿಕನ್ನರು ಎಷ್ಟಿದ್ದಾರು? ಹೊತ್ತಿಗೆ ಸರಿಯಾಗಿ ಕಟ್ಟುತ್ತಿರುವ ದೊಡ್ಡ ಸಾಲ ಅಲ್ಲಿ ಪ್ರಶ್ನೆಯೇ ಅಲ್ಲ. ಕಟ್ಟಲಾಗದ ಸಾಲ, ಕಟ್ಟುವ ಶಕ್ತಿ ಇದ್ದೂ ಕಟ್ಟದ ಸಾಲ, ವರಮಾನ ಮೀರಿದ ಖರ್ಚು, ತೆರಿಗೆ ಲೆಕ್ಕ ಸಲ್ಲಿಸದಿರುವುದು, ವಿವರಣೆ ಇಲ್ಲದ ಸಿರಿತನ, ಜೂಜಿಗಾಗಿ ಮಾಡಿದ ಸಾಲ ಇವೆಲ್ಲ ಕಳವಳದ ಪಟ್ಟಿಯಲ್ಲಿವೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಲವು ರಾಜ್ಯಗಳಲ್ಲಿ ಕ್ರೀಡಾ ಬೆಟ್ಟಿಂಗ್ ಮೊಬೈಲಿಗೇ ಬಂದಿರುವುದರಿಂದ ಜೂಜಿನ ಅಂಶ ಈಗ ಇನ್ನಷ್ಟು ಮುಖ್ಯ.

ಇವುಗಳ ಹಿಂದಿನ ತರ್ಕ ಎರಡು ಎಳೆಯದು. ಒಂದು, ಹಣದ ಒತ್ತಡದಲ್ಲಿರುವವನು ಅಡ್ಡದಾರಿ ಹಿಡಿಯುವ ಸಾಧ್ಯತೆ ಹೆಚ್ಚು. ವಾಕರ್, ಪೆಲ್ಟನ್‌ರ ಕಥೆ ಇದು. ಎರಡನೆಯದನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬ್ಯಾಂಕಿಗೆ ಕೊಟ್ಟ ಮಾತು, ತೆರಿಗೆ ಇಲಾಖೆಯ ಗಡುವು ಇವನ್ನು ಲೆಕ್ಕಿಸದವನು ಗೋಪ್ಯ ಕಡತದ ನಿಯಮಗಳನ್ನು ಪಾಲಿಸುತ್ತಾನೆಯೇ ಎಂಬ ಪ್ರಶ್ನೆ ಅದು. ಸಣ್ಣ ಮೊತ್ತದ ತೆರಿಗೆ ಲೆಕ್ಕವನ್ನು ವರ್ಷಗಟ್ಟಲೆ ಸಲ್ಲಿಸದವರು, ಆಸ್ಪತ್ರೆಯ ದೊಡ್ಡ ಬಾಕಿ ಇಟ್ಟುಕೊಂಡವರಿಗಿಂತ ಹೆಚ್ಚು ಕಷ್ಟಕ್ಕೆ ಸಿಲುಕುವುದು ಇದೇ ಕಾರಣಕ್ಕೆ.

ರಿಯಾಯಿತಿಗಳೂ ಅದೇ ನಿಯಮದಲ್ಲಿವೆ. ಕೆಲಸ ಕಳೆದುಕೊಂಡದ್ದು, ವ್ಯಾಪಾರ ಬಿದ್ದದ್ದು, ದಿಢೀರ್ ಕಾಯಿಲೆ, ಸಾವು, ವಿಚ್ಛೇದನ, ಸಾಲ ಕೊಡುವವರ ವಂಚನೆಗೆ ಬಲಿಯಾದದ್ದು ಇಂಥ ಕೈಮೀರಿದ ಕಾರಣಗಳನ್ನು ಒಪ್ಪಲಾಗುತ್ತದೆ. ಆದರೆ ಆ ವಾಕ್ಯ ಅಲ್ಲಿಗೇ ಮುಗಿಯುವುದಿಲ್ಲ, ಕಷ್ಟದ ನಡುವೆಯೂ ಆ ವ್ಯಕ್ತಿ ಜವಾಬ್ದಾರಿಯಿಂದ ನಡೆದುಕೊಂಡಿರಬೇಕು ಎನ್ನುತ್ತದೆ. ಸಾಲ ಕೊಟ್ಟವರಿಗೆ ಫೋನ್ ಮಾಡಿದನೇ, ಕಂತು ಒಪ್ಪಂದ ಮಾಡಿಕೊಂಡನೇ, ಒಪ್ಪಿದ ಕಂತನ್ನು ತಿಂಗಳು ತಿಂಗಳು ಕಟ್ಟಿದನೇ? ಇಲ್ಲಿ ಮಾತಿಗಿಂತ ರಸೀದಿಗೆ ಬೆಲೆ.

ಹಲವರು ಎಡವುವುದು ಇನ್ನೊಂದು ಕಡೆ. ಬ್ಯಾಂಕು ಸಾಲವನ್ನು ರೈಟ್ ಆಫ್ ಮಾಡಿತು, ಏಳು ವರ್ಷ ಕಳೆದು ಕ್ರೆಡಿಟ್ ವರದಿಯಿಂದ ಅಳಿಸಿಹೋಯಿತು, ಇನ್ನೇನು ಚಿಂತೆ ಎಂದುಕೊಳ್ಳುತ್ತಾರೆ. ವಸೂಲಿಯ ಅವಧಿ ಮುಗಿದದ್ದು ಸಾಲಗಾರನ ಪ್ರಾಮಾಣಿಕ ಪ್ರಯತ್ನಕ್ಕೆ ಸಾಕ್ಷಿಯಾಗುವುದಿಲ್ಲ ಎಂಬುದು ಕ್ಲಿಯರೆನ್ಸ್ ಪ್ರಕರಣ ನೋಡುವ ರಕ್ಷಣಾ ಇಲಾಖೆಯ ಮೇಲ್ಮನವಿ ಮಂಡಳಿಯ ಗಟ್ಟಿ ನಿಲುವು. ದಿವಾಳಿ ಅರ್ಜಿ ಹಾಕಿದವರಿಗಾದರೋ ಅದೊಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಅದು ಕಾನೂನೇ ಕೊಟ್ಟ ದಾರಿ. ದಿವಾಳಿಗೆ ಕಾರಣವಾದ ಅಭ್ಯಾಸ ಆಮೇಲೂ ಮುಂದುವರಿದಿದೆಯೇ ಎಂಬುದನ್ನು ನೋಡುತ್ತಾರೆ.

ಸುಳ್ಳಿನ ತೂಕ

ಕ್ಲಿಯರೆನ್ಸ್ ಬೇಕಾದವರು ತುಂಬುವ ದೀರ್ಘ ಪ್ರಶ್ನಾವಳಿಯ ಹೆಸರು ಎಸ್‌ಎಫ್-86. ಅದರ 26ನೇ ಭಾಗ ಹಣಕಾಸಿನದು. ಕಳೆದ ಏಳು ವರ್ಷಗಳಲ್ಲಿ ಯಾವುದಾದರೂ ಸಾಲ 120 ದಿನಕ್ಕಿಂತ ಹೆಚ್ಚು ಬಾಕಿ ಉಳಿದಿತ್ತೇ, ಬಿಲ್ಲು ವಸೂಲಿ ಏಜೆನ್ಸಿಗೆ ಹೋಗಿತ್ತೇ, ತೆರಿಗೆ ಲೆಕ್ಕ ಸಲ್ಲಿಸದೆ ಬಿಟ್ಟಿದ್ದಿರೇ ಎಂದೆಲ್ಲ ಅದು ಕೇಳುತ್ತದೆ. ಉತ್ತರ ಬರೆಯುವವನ ಎದುರು ಒಂದು ಆಮಿಷ ನಿಂತಿರುತ್ತದೆ. 'ಇಲ್ಲ' ಎಂದು ಟಿಕ್ ಮಾಡಿದರೆ ಅರ್ಜಿ ಸಲೀಸಾಗಿ ಮುಂದೆ ಹೋಗುತ್ತದೆ, 'ಹೌದು' ಎಂದರೆ ಹತ್ತು ಪ್ರಶ್ನೆ ಹುಟ್ಟುತ್ತವೆ.

ಇಬ್ಬರನ್ನು ಊಹಿಸಿಕೊಳ್ಳಿ. ಮೊದಲನೆಯವಳಿಗೆ ಮಗುವಿನ ಆಪರೇಷನ್ನಿಂದ 40,000 ಡಾಲರ್ ಬಾಕಿ ಇದೆ. ಅದನ್ನು ಫಾರ್ಮಿನಲ್ಲಿ ಬರೆದಿದ್ದಾಳೆ, ತಿಂಗಳಿಗೆ 300 ಡಾಲರ್ ಕಟ್ಟುತ್ತಿರುವ ದಾಖಲೆ ಲಗತ್ತಿಸಿದ್ದಾಳೆ. ಎರಡನೆಯವನಿಗೆ ಇರುವುದು 6,000 ಡಾಲರ್ ಕ್ರೆಡಿಟ್ ಕಾರ್ಡ್ ಬಾಕಿ, ಅದೂ ವಸೂಲಿ ಏಜೆನ್ಸಿ ಕೈಗೆ ಹೋಗಿದೆ. ಅವನು 'ಇಲ್ಲ' ಎಂದು ಟಿಕ್ ಮಾಡಿದ್ದಾನೆ. ತನಿಖಾಧಿಕಾರಿ ತರಿಸಿಕೊಳ್ಳುವ ಕ್ರೆಡಿಟ್ ವರದಿಯಲ್ಲಿ ಎರಡೂ ಕಾಣುತ್ತವೆ. ಹೆಚ್ಚಿನ ಅಪಾಯದಲ್ಲಿರುವವನು ಎರಡನೆಯವನು, ಅವನ ಸಾಲ ಆಕೆಯ ಸಾಲದ ಆರರಲ್ಲಿ ಒಂದು ಪಾಲೂ ಇಲ್ಲದಿದ್ದರೂ ಕೂಡ.

ಇದಕ್ಕೆ ಕಾರಣ ಮೂರು ಮಜಲಿನಲ್ಲಿದೆ. ಮೊದಲನೆಯದು ಬ್ಲ್ಯಾಕ್‌ಮೇಲ್‌. ಬೆದರಿಸುವವನ ಕೈಯಲ್ಲಿರುವ ಬಂಡವಾಳ ಗುಟ್ಟು. ನಿನ್ನ ಸಾಲದ ವಿಷಯ ಮೇಲಿನವರಿಗೆ ಹೇಳುತ್ತೇನೆ ಎಂದು ಆಕೆಯನ್ನು ಯಾರೂ ಹೆದರಿಸಲಾರರು, ಮೇಲಿನವರಿಗೆ ಅವಳೇ ಹೇಳಿಯಾಗಿದೆ. ಆತನನ್ನು ಹೆದರಿಸಬಹುದು, ಹೆದರಿಸಲು ಬೇಕಾದ ಗುಟ್ಟನ್ನು ಅವನೇ ಫಾರ್ಮಿನಲ್ಲಿ ಸೃಷ್ಟಿಸಿದ್ದಾನೆ. ಎರಡನೆಯದು, ಇಡೀ ವ್ಯವಸ್ಥೆ ನಿಂತಿರುವುದು ಸ್ವಂತ ಹೇಳಿಕೆಯ ಮೇಲೆ. ವಿದೇಶಿಯರ ಭೇಟಿ, ಕಳೆದುಹೋದ ಕಡತ, ಕೈತಪ್ಪಿದ ಇಮೇಲ್ ಎಲ್ಲವನ್ನೂ ನೌಕರ ತಾನಾಗಿ ಬಂದು ಹೇಳಬೇಕು. ತನಗೆ ಮುಜುಗರ ತರುವ ಸತ್ಯವನ್ನು ಫಾರ್ಮಿನಲ್ಲೇ ಮುಚ್ಚಿಟ್ಟವನು ನಾಳೆ ದೊಡ್ಡ ತಪ್ಪಾದಾಗ ಬಾಯಿ ಬಿಡುತ್ತಾನೆಂದು ಹೇಗೆ ನಂಬುವುದು? ಮೂರನೆಯದು ಕಾನೂನು. ಉದ್ದೇಶಪೂರ್ವಕವಾಗಿ ಸುಳ್ಳು ಬರೆದರೆ ಅದು ಒಕ್ಕೂಟದ ಅಪರಾಧ, ಐದು ವರ್ಷದವರೆಗೆ ಜೈಲಾಗಬಹುದು.

ಸಾಲಕ್ಕೂ ಸುಳ್ಳಿಗೂ ಇನ್ನೊಂದು ವ್ಯತ್ಯಾಸವಿದೆ, ನನ್ನ ಮಟ್ಟಿಗೆ ಇದೇ ಮುಖ್ಯ. ಸಾಲಕ್ಕೆ ಮದ್ದಿದೆ. ಕಂತು ಕಟ್ಟುತ್ತಾ ಬಂದರೆ ವರ್ಷದಿಂದ ವರ್ಷಕ್ಕೆ ಪರಿಸ್ಥಿತಿ ಸುಧಾರಿಸುತ್ತದೆ, ಅದನ್ನು ಕಾಗದದಲ್ಲಿ ತೋರಿಸಬಹುದು. ಸುಳ್ಳಿಗೆ ಅಂಥ ಕಂತು ಯೋಜನೆ ಇಲ್ಲ. 'ಇ' ಮಾರ್ಗಸೂಚಿ ಕೊಡುವ ಮುಖ್ಯ ರಿಯಾಯಿತಿ ಒಂದು ಷರತ್ತಿನ ಮೇಲೆ ನಿಂತಿದೆ: ಅಧಿಕಾರಿ ಪುರಾವೆ ಮುಂದಿಡುವ ಮೊದಲೇ ನೀವಾಗಿ, ತಡಮಾಡದೆ ತಪ್ಪನ್ನು ತಿದ್ದಿರಬೇಕು. ಸಂದರ್ಶನದಲ್ಲಿ ಅಧಿಕಾರಿ ಕ್ರೆಡಿಟ್ ವರದಿಯನ್ನು ಮೇಜಿನ ಮೇಲಿಟ್ಟ ಮೇಲೆ "ಹೌದು, ಅದು ಮರೆತುಹೋಗಿತ್ತು" ಎಂದರೆ ಆ ರಿಯಾಯಿತಿ ಕೈಬಿಟ್ಟುಹೋಗುತ್ತದೆ.

ಬಿಟ್ಟುಹೋದ ಉತ್ತರವೆಲ್ಲ ಸುಳ್ಳು ಎಂದಲ್ಲ. ಪ್ರಶ್ನೆ ಅರ್ಥವಾಗಿರಲಿಲ್ಲ, ವಿಚ್ಛೇದಿತ ಸಂಗಾತಿ ಕಟ್ಟುತ್ತಿದ್ದಾರೆಂದು ನಂಬಿದ್ದೆ, ಆ ಖಾತೆಯ ವಿಷಯವೇ ಗೊತ್ತಿರಲಿಲ್ಲ ಎಂಬವು ನಿಜವಾಗಿರಲು ಸಾಧ್ಯ. ಬರೆದಾಗ ಆ ವ್ಯಕ್ತಿಯ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕ್ಲಿಯರೆನ್ಸ್ ವಿಚಾರಣೆ ನಡೆಸುವ ನ್ಯಾಯಾಧಿಕಾರಿ ಸಂದರ್ಭದಿಂದ ಊಹಿಸಬೇಕಾಗುತ್ತದೆ. ಒಂದು ಬಾಕಿಯನ್ನು ಬರೆದು ಇನ್ನೊಂದನ್ನು ಬಿಟ್ಟವನ ಮಾತಿಗೆ ಸಿಗುವ ನಂಬಿಕೆ, ಎಂಟು ಬಾಕಿ ಇಟ್ಟುಕೊಂಡು ಒಂದನ್ನೂ ಬರೆಯದವನ ಮಾತಿಗೆ ಸಿಗುವುದು ಕಷ್ಟ.

ಸತ್ಯ ಬರೆದವರಿಗೂ ಒಂದು ಆಘಾತ ಕಾದಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 2015ರಲ್ಲಿ ಬಯಲಾದ ಸೈಬರ್ ದಾಳಿಯಲ್ಲಿ ಅಮೆರಿಕದ ಸಿಬ್ಬಂದಿ ನಿರ್ವಹಣಾ ಕಚೇರಿಯಿಂದ ಸುಮಾರು 2.15 ಕೋಟಿ ಜನರ ಹಿನ್ನೆಲೆ ತನಿಖೆಯ ಮಾಹಿತಿ ಕಳವಾಯಿತು. ತಮ್ಮ ಸಾಲ, ಕಾಯಿಲೆ, ಕೌಟುಂಬಿಕ ಒಡಕುಗಳನ್ನು ಸರ್ಕಾರವನ್ನು ನಂಬಿ ಬರೆದುಕೊಟ್ಟವರ ಎಸ್‌ಎಫ್-86 ಫಾರ್ಮುಗಳು ಅದರಲ್ಲಿದ್ದವು. ಪ್ರಾಮಾಣಿಕತೆ ಕೇಳುವ ಸರ್ಕಾರಕ್ಕೆ ಆ ಪ್ರಾಮಾಣಿಕತೆಯನ್ನು ಕಾಪಾಡುವ ಹೊಣೆಯೂ ಇದೆ. ಅಲ್ಲಿ ಅದು ಸೋತಿತು.

ಐದು ವರ್ಷಕ್ಕೊಮ್ಮೆ ಅಲ್ಲ, ದಿನವೂ

ಮೊದಲು ಟಾಪ್ ಸೀಕ್ರೆಟ್ ಇದ್ದವರ ಮರುತನಿಖೆ ಐದು ವರ್ಷಕ್ಕೊಮ್ಮೆ, ಸೀಕ್ರೆಟ್ ಇದ್ದವರದು ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಈಗ ಅದರ ಜಾಗಕ್ಕೆ ನಿರಂತರ ಪರಿಶೀಲನೆ ಬಂದಿದೆ. ಕ್ರೆಡಿಟ್ ದಾಖಲೆ, ಕೋರ್ಟ್ ದಾಖಲೆಗಳನ್ನು ಕಂಪ್ಯೂಟರ್ ವ್ಯವಸ್ಥೆ ಸದಾ ಗಮನಿಸುತ್ತಿರುತ್ತದೆ, ಅನುಮಾನಕ್ಕೆ ಎಡೆ ಕಂಡರೆ ಎಚ್ಚರಿಕೆ ಕಳಿಸುತ್ತದೆ. ನೌಕರನೂ ದಿವಾಳಿ, 120 ದಿನ ಮೀರಿದ ಬಾಕಿ ಇಂಥವನ್ನು ತಾನೇ ವರದಿ ಮಾಡಬೇಕು. ಟಾಪ್ ಸೀಕ್ರೆಟ್ ಇರುವವರು 10,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಹಣ ಅನಿರೀಕ್ಷಿತವಾಗಿ ಬಂದರೂ, ಅದು ಅಜ್ಜಿಯ ಆಸ್ತಿಯ ಪಾಲೇ ಆಗಿದ್ದರೂ, ತಿಳಿಸಬೇಕು.

ಷಟ್‌ಡೌನ್‌ನ ಆತಂಕವನ್ನು ಈ ಲೆಕ್ಕದ ಮೇಲೆ ಇಟ್ಟು ನೋಡೋಣ. ಸಂಬಳ ನಿಂತದ್ದು 43 ದಿನ, ಫಾರ್ಮಿನ ಗೆರೆ ಇರುವುದು 120 ದಿನದಲ್ಲಿ. ಉಳಿತಾಯವಿದ್ದು, ಹಿಂದೆ ಕಂತು ತಪ್ಪಿಸದ ನೌಕರನ ಒಂದೆರಡು ಕಂತು ತಡವಾದರೆ ಅದರಿಂದಲೇ ಕ್ಲಿಯರೆನ್ಸ್ ಹೋಗುವ ಸಂಭವ ತೀರಾ ಕಡಿಮೆ. ಕಾರಣ ಕೈಮೀರಿದ್ದು ಎಂಬುದು ಸರ್ಕಾರಕ್ಕೇ ಗೊತ್ತಿರುವ ಸಂಗತಿ. ನಿಜವಾದ ಅಪಾಯ ಮೊದಲೇ ಅಂಚಿನಲ್ಲಿದ್ದವರಿಗೆ. 80 ದಿನ ಬಾಕಿ ಉಳಿದಿದ್ದ ಕಾರಿನ ಸಾಲಕ್ಕೆ ಇನ್ನೂ 43 ದಿನ ಸೇರಿದರೆ ಗೆರೆ ದಾಟಿತು.

ಗುತ್ತಿಗೆ ಕಂಪನಿಗಳ ನೌಕರರ ಪಾಡು ಇನ್ನೂ ಬೇರೆ. 2019ರಲ್ಲಿ ಬಂದ ಕಾನೂನು ಷಟ್‌ಡೌನ್ ಮುಗಿದ ಮೇಲೆ ಸರ್ಕಾರಿ ನೌಕರರಿಗೆ ಹಿಂಬಾಕಿ ಸಂಬಳದ ಖಾತ್ರಿ ಕೊಡುತ್ತದೆ, ಗುತ್ತಿಗೆ ನೌಕರರಿಗೆ ಕೊಡುವುದಿಲ್ಲ. ಸರ್ಕಾರಿ ನೌಕರನಿಗೆ ಅದು ತಡವಾದ ಸಂಬಳ. ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುವ ಗುತ್ತಿಗೆ ನೌಕರನಿಗೆ, ಕಂಪನಿ ತಾನಾಗಿ ಕೊಡದಿದ್ದರೆ, ಹೋದ ಸಂಬಳ ಹೋದಂತೆಯೇ. ಇಬ್ಬರನ್ನೂ ಅಳೆಯುವುದು ಮಾತ್ರ ಅದೇ 'ಎಫ್' ಮಾರ್ಗಸೂಚಿ.

ಒಪ್ಪುವವರು, ಒಪ್ಪದವರು

ಭದ್ರತಾ ಅಧಿಕಾರಿಗಳ ವಾದ ನೇರವಾದದ್ದು. ಒಬ್ಬ ಏಮ್ಸ್ ಮಾಡುವ ಹಾನಿಯನ್ನು ಸಾವಿರ ಪ್ರಾಮಾಣಿಕ ನೌಕರರ ಸೇವೆಯಿಂದಲೂ ತುಂಬಲಾಗದು. ಆದ್ದರಿಂದ ಅನುಮಾನ ಬಂದವರನ್ನು ದೂರ ಇಡುವುದರಲ್ಲಿ ಆಗುವ ತಪ್ಪು, ಒಳಗೆ ಬಿಟ್ಟು ಆಗುವ ತಪ್ಪಿಗಿಂತ ಚಿಕ್ಕದು.

ಟೀಕಾಕಾರರು ಇದನ್ನು ಹಲವು ಕಡೆಯಿಂದ ಪ್ರಶ್ನಿಸುತ್ತಾರೆ. ಸಾಲವಿರುವ ಲಕ್ಷಾಂತರ ಜನರಲ್ಲಿ ದೇಶದ್ರೋಹಕ್ಕೆ ಇಳಿಯುವವರು ಬೆರಳೆಣಿಕೆ. ಇನ್ನೊಂದೆಡೆ, ಕ್ಯೂಬಾಕ್ಕೆ ಗುಟ್ಟು ಕೊಟ್ಟು 2001ರಲ್ಲಿ ಸಿಕ್ಕಿಬಿದ್ದ ಆನಾ ಮಾಂಟೆಸ್ ಕೆಲಸ ಮಾಡಿದ್ದು ನಂಬಿಕೆಯಿಂದ, ಹಣಕ್ಕಾಗಿ ಅಲ್ಲ. 2023ರಲ್ಲಿ ಗೋಪ್ಯ ಕಡತಗಳನ್ನು ಚಾಟ್ ಗುಂಪಿಗೆ ಹಾಕಿದ ಜಾಕ್ ಟೆಷೇರಾನಿಗೂ ಹಣದ ಹಂಗಿರಲಿಲ್ಲ. ಇಂಥವರು ಸಾಲದ ಜರಡಿಯಲ್ಲಿ ಸಿಗುವುದೇ ಇಲ್ಲ. ಆಸ್ಪತ್ರೆ ಬಿಲ್ಲಿನಿಂದಲೇ ಸಂಸಾರಗಳು ಮುಳುಗುವ ದೇಶದಲ್ಲಿ ಈ ಜರಡಿ ಬಡ ಮನೆಗಳಿಂದ ಬಂದವರನ್ನೇ ಹೆಚ್ಚು ತಡೆಯುತ್ತದೆ ಎಂಬ ದೂರೂ ಇದೆ.

ಸಮಾನತೆಯ ಪ್ರಶ್ನೆ ಎಲ್ಲಕ್ಕಿಂತ ಚುಚ್ಚುವಂಥದ್ದು. 2019ರಲ್ಲಿ ಶ್ವೇತಭವನದ ಭದ್ರತಾ ವಿಭಾಗದ ಅಧಿಕಾರಿಯೊಬ್ಬರು ಸಂಸದೀಯ ಸಮಿತಿಗೆ ಹೇಳಿದ ಪ್ರಕಾರ, ಕ್ಲಿಯರೆನ್ಸ್ ಕೊಡಬಾರದೆಂದು ಸಿಬ್ಬಂದಿ ನಿರ್ಧರಿಸಿದ್ದ 25 ಮಂದಿಯ ವಿಷಯದಲ್ಲಿ ಮೇಲಿನವರು ಆ ನಿರ್ಧಾರವನ್ನು ತಿರುಗಿಸಿದ್ದರು. ಹಣಕಾಸಿನ ತೊಂದರೆಯೂ ಆ ಕಳವಳಗಳಲ್ಲಿ ಒಂದಾಗಿತ್ತು. ಕೆಳಗಿನ ಹಂತದ ತಂತ್ರಜ್ಞ ಇಂಥದ್ದೇ ಕಾರಣಕ್ಕೆ ವಿಚಾರಣೆಗೆ ಅಲೆಯಬೇಕು, ಅಧಿಕಾರಕ್ಕೆ ಹತ್ತಿರವಿರುವವರಿಗೆ ಬಾಗಿಲು ತೆರೆಯುತ್ತದೆ ಎಂದಾದರೆ ನಿಯಮದ ಮೇಲಿನ ಗೌರವ ಉಳಿಯುವುದು ಕಷ್ಟ.

ನನ್ನ ಅಭಿಪ್ರಾಯದಲ್ಲಿ ಎರಡು ವಿಷಯಗಳನ್ನು ಬೇರೆಬೇರೆಯಾಗಿ ತೂಗಬೇಕು. ಫಾರ್ಮಿನಲ್ಲಿ ಸತ್ಯ ಬರೆಯಬೇಕು ಎಂಬ ಕಟ್ಟುನಿಟ್ಟು ಸರಿಯಾದದ್ದು, ಅದನ್ನು ಸಡಿಲಿಸಿದರೆ ಉಳಿದದ್ದೆಲ್ಲ ಕುಸಿಯುತ್ತದೆ. ಸಾಲವನ್ನೇ ಅಪಾಯದ ಗುರುತಾಗಿ ನೋಡುವಾಗ ಮಾತ್ರ ಸಾಲ ಹುಟ್ಟಿದ್ದು ಎಲ್ಲಿ ಎಂಬುದನ್ನು ಈಗಿನದಕ್ಕಿಂತ ಹೆಚ್ಚು ಗಂಭೀರವಾಗಿ ಕೇಳಬೇಕು. ಇದು ಸಾಧ್ಯ ಎಂಬುದಕ್ಕೆ ಅಮೆರಿಕವೇ ಒಂದು ಉದಾಹರಣೆ ಕೊಟ್ಟಿದೆ. ಸೇನಾ ಶಿಬಿರಗಳ ಬಾಗಿಲಲ್ಲಿ ಅಂಗಡಿ ತೆರೆದು ಯುವ ಸೈನಿಕರಿಗೆ ಕೈಸಾಲ ಕೊಟ್ಟು ವಿಪರೀತ ಬಡ್ಡಿ ಸುಲಿಯುತ್ತಿದ್ದವರಿಂದ ಸೈನಿಕರ ಕ್ಲಿಯರೆನ್ಸ್‌ಗೂ ಧಕ್ಕೆ ಬರುತ್ತಿದೆ ಎಂದು ರಕ್ಷಣಾ ಇಲಾಖೆಯೇ ಕಳವಳ ಪಟ್ಟಿತ್ತು. 2006ರಲ್ಲಿ ಸಂಸತ್ತು ಅಂಥ ಸಾಲಗಳ ವಾರ್ಷಿಕ ಬಡ್ಡಿಗೆ 36 ಶೇಕಡದ ಮಿತಿ ಹಾಕಿತು. ಸೈನಿಕನನ್ನು ಶಿಕ್ಷಿಸುವ ಬದಲು ಸಾಲದ ಮೂಲಕ್ಕೆ ಕೈ ಹಾಕಿದ ಕ್ರಮ ಅದು.

ಕ್ಲಿಯರೆನ್ಸ್ ಹೋದ ಮೇಲೆ

ಗುತ್ತಿಗೆ ನೌಕರನಿಗೆ ಮೊದಲು ಬರುವುದು ಕಾರಣಗಳ ಪಟ್ಟಿ. ಯಾವ ಬಾಕಿ, ಯಾವ ಸುಳ್ಳು ಎಂದು ಅದರಲ್ಲಿ ಒಂದೊಂದಾಗಿ ಬರೆದಿರುತ್ತದೆ. 20 ದಿನದಲ್ಲಿ ಉತ್ತರ ಕೊಡಬೇಕು. ಬೇಕೆಂದರೆ ರಕ್ಷಣಾ ಇಲಾಖೆಯ ವಿಚಾರಣಾ ಕಚೇರಿಯ ನ್ಯಾಯಾಧಿಕಾರಿಯ ಮುಂದೆ ಹಾಜರಾಗಬಹುದು, ಆಮೇಲೆ ಮೇಲ್ಮನವಿ ಮಂಡಳಿ ಇದೆ. ಹೆಸರು ತೆಗೆದು ಪ್ರಕಟಿಸುವ ಅಲ್ಲಿನ ತೀರ್ಪುಗಳಲ್ಲಿ ದೊಡ್ಡ ಪಾಲು ಹಣಕಾಸಿನವೇ.

ತೀರ್ಪು ಬರುವಷ್ಟರಲ್ಲಿ ಆಗುವ ಹಾನಿ ಬೇರೆ. ಕ್ಲಿಯರೆನ್ಸ್ ಅಮಾನತಾದರೆ ಆ ಕೆಲಸ ಮಾಡುವಂತಿಲ್ಲ. ಬೇರೆ ಕೆಲಸ ಕೊಡಲು ಕಂಪನಿಯಲ್ಲಿ ಜಾಗವಿಲ್ಲದಿದ್ದರೆ ಸಂಬಳ ನಿಲ್ಲುತ್ತದೆ. ಸಂಬಳ ನಿಂತರೆ ಯಾವ ಸಾಲಕ್ಕಾಗಿ ಇಷ್ಟೆಲ್ಲ ಆಯಿತೋ ಅದೇ ಸಾಲ ಬೆಳೆಯುತ್ತದೆ, ವಕೀಲರ ಶುಲ್ಕ ಮೇಲೆ ಸೇರುತ್ತದೆ. ಪೆಲ್ಟನ್ ಪ್ರಕರಣವನ್ನು ಇಲ್ಲಿ ಮತ್ತೆ ನೆನೆಯಬೇಕು. ಅವನು ಗುಟ್ಟು ಮಾರಿದ್ದು ಕೆಲಸ ಬಿಟ್ಟ ಮೇಲೆ. ಸಾಲಗಾರನನ್ನು ಹೊರಗೆ ಹಾಕಿದರೆ ಅವನ ತಲೆಯಲ್ಲಿರುವ ಮಾಹಿತಿ ಅವನ ಜೊತೆಗೇ ಹೋಗುತ್ತದೆ, ಹಣದ ಅಡಚಣೆ ಇನ್ನಷ್ಟು ಬಿಗಿಯಾಗಿರುತ್ತದೆ. ಆದ್ದರಿಂದ ತೊಂದರೆ ಸಣ್ಣದಿರುವಾಗಲೇ ಸಾಲ ಸಲಹೆಗೆ ಕಳಿಸಿ, ಷರತ್ತಿನ ಮೇಲೆ ಕೆಲಸದಲ್ಲಿ ಉಳಿಸಿಕೊಳ್ಳುವುದು ದಯೆಯಷ್ಟೇ ಅಲ್ಲದೆ ಭದ್ರತೆಗೂ ಒಳ್ಳೆಯದು.

ಅಲ್ಲಿರುವ ಕನ್ನಡಿಗರಿಗೆ

ಕ್ಲಿಯರೆನ್ಸ್ ಸಿಗುವುದು ಅಮೆರಿಕದ ಪೌರರಿಗೆ ಮಾತ್ರ. ಪೌರತ್ವ ಪಡೆದ ಕನ್ನಡಿಗ ಎಂಜಿನಿಯರುಗಳಿಗೆ ಊರಿನೊಂದಿಗಿನ ಹಣಕಾಸಿನ ನಂಟೇ ಸೂಕ್ಷ್ಮ ಜಾಗ. ಮೈಸೂರಿನಲ್ಲಿ ಸೈಟು, ತಂದೆಯ ಜೊತೆಗಿನ ಜಂಟಿ ಖಾತೆ, ತಮ್ಮನ ಸಾಲಕ್ಕೆ ಹಾಕಿದ ಜಾಮೀನು ಇವೆಲ್ಲ ನಮಗೆ ಮನೆಯ ವಿಷಯಗಳು. ಎಸ್‌ಎಫ್-86ರ ಕಣ್ಣಿಗೆ ವಿದೇಶದಲ್ಲಿರುವ ಖಾತೆ, ಆಸ್ತಿ ಎರಡೂ ಘೋಷಿಸಬೇಕಾದ ವಿದೇಶಿ ಹಣಕಾಸು ಹಿತಾಸಕ್ತಿಗಳು.

ಅದರಲ್ಲೂ ಎನ್‌ಆರ್‌ಇ ಠೇವಣಿ (ಅನಿವಾಸಿ ಭಾರತೀಯರು ಭಾರತದ ಬ್ಯಾಂಕಿನಲ್ಲಿ ಇಡುವ ಹಣ) ಹಲವರಿಗೆ ತಿಳಿಯದ ಬಲೆ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಆದ್ದರಿಂದ ಎಲ್ಲಿಯೂ ಇಲ್ಲ ಎಂದುಕೊಳ್ಳುವವರಿದ್ದಾರೆ. ಅಮೆರಿಕದ ಪೌರರಿಗೆ ಜಗತ್ತಿನ ಯಾವ ಮೂಲೆಯ ವರಮಾನವೂ ಅಲ್ಲಿನ ತೆರಿಗೆ ಲೆಕ್ಕಕ್ಕೆ ಸೇರುತ್ತದೆ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ಬೇರೆ ಘೋಷಣೆಯನ್ನೂ ಸಲ್ಲಿಸಬೇಕು. ಸಹಿ ಮಾಡುವ ಅಧಿಕಾರವಷ್ಟೇ ಇರುವ ಅಪ್ಪ-ಅಮ್ಮನ ಖಾತೆಯೂ ಈ ಲೆಕ್ಕಕ್ಕೆ ಬರುತ್ತದೆ. ಬಡ್ಡಿ ತೋರಿಸದಿದ್ದರೆ ತೆರಿಗೆಯ ಲೋಪ, ಖಾತೆಯನ್ನೇ ಬರೆಯದಿದ್ದರೆ ಮುಚ್ಚಿಟ್ಟ ಆರೋಪ. ಅರಿಯದೆ ಆದದ್ದಾದರೆ, ಕ್ಲಿಯರೆನ್ಸ್ ಅರ್ಜಿ ಹಾಕುವ ಮೊದಲೇ ತೆರಿಗೆ ತಜ್ಞರ ನೆರವಿನಿಂದ ಹಳೆಯ ಲೆಕ್ಕ ತಿದ್ದಿಕೊಳ್ಳುವ ದಾರಿ ಇದೆ.

ನಮ್ಮಲ್ಲೂ ಇರುವ ನಿಯಮ

ಇದು ದೂರದ ದೇಶದ ವಿಚಿತ್ರ ಕಟ್ಟಳೆಯೇನಲ್ಲ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 17ನೇ ನಿಯಮ, ಸರ್ಕಾರಿ ನೌಕರ ಸದಾ ಸಾಲದಲ್ಲಿ ಬೀಳದಂತೆ, ದಿವಾಳಿಯಾಗದಂತೆ ತನ್ನ ಖಾಸಗಿ ವ್ಯವಹಾರ ನಡೆಸಬೇಕು ಎನ್ನುತ್ತದೆ. ಸಾಲ ಕೈಮೀರಿದ ಕಾರಣದಿಂದ ಆದದ್ದು, ದುಂದುಗಾರಿಕೆಯಿಂದಲ್ಲ ಎಂದು ತೋರಿಸುವ ಹೊಣೆ ಇಲ್ಲೂ ನೌಕರನದೇ. ಸುಳ್ಳಿನ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ದಾರಿ ತೋರಿದೆ. ದೃಢೀಕರಣ ಫಾರ್ಮಿನಲ್ಲಿ ಕೊಡುವ ಮಾಹಿತಿ ನಿಜವಾಗಿರಲೇಬೇಕು. ಆದರೆ ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಹೇಳದೆ ಬಿಟ್ಟಿದ್ದರೆ ಅದನ್ನು ಮನ್ನಿಸುವ ವಿವೇಚನೆ ನೇಮಕ ಮಾಡುವವರಿಗೆ ಇದೆ ಎಂದಿತು.

ಹಣದ ಆಮಿಷದ ಅಪಾಯವೂ ನಮ್ಮ ಕರಾವಳಿಗೆ ಹೊಸದಲ್ಲ. ಕಾರವಾರದ ನೌಕಾನೆಲೆಯ ಮಾಹಿತಿಯನ್ನು ಹಣಕ್ಕಾಗಿ ಗಡಿಯಾಚೆ ಕಳಿಸಿದ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ಎನ್‌ಐಎ ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿತು. ಆರೋಪ ಸಾಬೀತಾಗುವುದೋ ಇಲ್ಲವೋ ಕೋರ್ಟಿಗೆ ಬಿಟ್ಟದ್ದು.

ಮುಂದೇನು?

43 ದಿನಗಳ ಷಟ್‌ಡೌನ್ ಮುಗಿದರೂ ಅದರ ಲೆಕ್ಕ ಮುಗಿದಿಲ್ಲ. ಆಗ ತಪ್ಪಿದ ಕಂತುಗಳು ಕ್ರೆಡಿಟ್ ವರದಿಗಳಲ್ಲಿ ಕೂತಿವೆ, ಎಚ್ಚರಿಕೆಗಳಾಗಿ ಅಧಿಕಾರಿಗಳ ಮೇಜಿಗೆ ಒಂದೊಂದಾಗಿ ಬರಲಿವೆ. ಸಂಬಳ ನಿಂತ ದಿನಾಂಕ, ಸಾಲ ಕೊಟ್ಟವರಿಗೆ ಬರೆದ ಪತ್ರ, ಸಂಬಳ ಬಂದ ಕೂಡಲೇ ಕಟ್ಟಿದ ರಸೀದಿ ಇವನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಉತ್ತರ ಕೊಡುವುದು ಕಷ್ಟವಾಗದು. ಎಸ್‌ಎಫ್-86 ಏಳು ವರ್ಷ ಹಿಂದಕ್ಕೆ ಕೇಳುತ್ತದೆ. ಹಾಗಾಗಿ ಆ ಶರತ್ಕಾಲದಲ್ಲಿ 120 ದಿನದ ಗೆರೆ ದಾಟಿದ ಗುತ್ತಿಗೆ ನೌಕರನೊಬ್ಬ, ಆ ಸಾಲವನ್ನು ಎಂದೋ ತೀರಿಸಿದ್ದರೂ, 2032ರ ಶರತ್ಕಾಲದವರೆಗೂ ಆ ಪ್ರಶ್ನೆಯ ಎದುರು 'ಹೌದು' ಎಂದೇ ಬರೆಯಬೇಕು.